ಎಪಾಕ್ಸಿ ಬಳಿದ ದೋಣಿ ಜಿಡ್ಡು ಜಿಡ್ಡು: ಮುಂದೇನು?

ಪ್ರಶ್ನೆ: ಪಂಚಗಂಗಾವಳಿ ಹೊಳೆಯಲ್ಲಿ ಗಾಳ ಹಾಕಲು ಹೋಗೋಣ ಅಂತ ಕಾರ್ ಶೆಡ್‌ನಲ್ಲೇ 14 ಅಡಿಯ ಪ್ಲೈವುಡ್ ದೋಣಿ ಕಟ್ಟುತ್ತಿದ್ದೇನೆ. ಹಲಗೆಗಳನ್ನು ತಂತಿಯಲ್ಲಿ ಹೊಲಿದು, ಎಪಾಕ್ಸಿಯಲ್ಲಿ (ರೆಸಿನ್, ಹಾರ್ಡನರ್ ಎರಡನ್ನೂ ಕಲಸಿ ಬಳಸುವ ಅಂಟು) ಕೂಡಿಸಿದ್ದಾಯಿತು. ಜುಲೈನಲ್ಲಿ ಹೊರಮೈಗೆ ಒಂದು ಕೋಟ್ ಎಪಾಕ್ಸಿ ಬಳಿದೆ. ಗಟ್ಟಿಯಾಗಿದೆ, ಆದರೆ ಮುಟ್ಟಿದರೆ ಜಿಡ್ಡು. ಸ್ಯಾಂಡ್ ಪೇಪರ್ ಹಾಕಿದ ತಕ್ಷಣ ಕಟ್ಟಿಕೊಳ್ಳುತ್ತದೆ. ಫೈಬರ್ ಕೆಲಸದವರು ‘ಗಾಜಿನೆಳೆಯ ಮ್ಯಾಟ್ ಹಾಕಿ ಪಾಲಿಯೆಸ್ಟರ್ ರೆಸಿನ್ ಹೊಡೆಯಿರಿ’ ಅನ್ನುತ್ತಾರೆ. ಮಾವ ‘ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಸಾಕು’ ಅನ್ನುತ್ತಾರೆ. ಯಾರ ಮಾತು ಕೇಳಲಿ? ಎಂಜಿನ್ ಎಷ್ಟು ಎಚ್‌ಪಿ ಬೇಕು?
– ಓದುಗರು, ಕುಂದಾಪುರ

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಒಂದು ಬಕೆಟ್ ನೀರು ತನ್ನಿ.

ಹಾರ್ಡನರ್‌ನಲ್ಲಿರುವ ಅಮೀನ್ ಎಂಬ ರಾಸಾಯನಿಕ ಮಳೆಗಾಲದ ತೇವದ ಗಾಳಿಯ ಜತೆ ಸೇರಿ ಮೇಲೆ ಮೇಣದಂಥ ಪದರ ಕಟ್ಟಿದೆ. ಇದು ನೀರಿಗೆ ಬಿಡುತ್ತದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಲ್ಲಿ ಬರೀ ನೀರು ಹಾಕಿ ತಿಕ್ಕಿ, ಕೊಳೆ ನೀರು ಅಲ್ಲೇ ಒಣಗುವ ಮೊದಲು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ 80 ನಂಬರ್ ಸ್ಯಾಂಡ್ ಪೇಪರ್. ತೊಳೆಯದೆ ಉಜ್ಜಿದರೆ ಆ ಮೇಣವನ್ನೇ ಮೈತುಂಬ ಹರಡಿದಂತೆ. ಅದರ ಮೇಲೆ ಹಾಕಿದ ಪೇಂಟ್ ಮುಂದೆ ಸಿಪ್ಪೆ ಏಳುತ್ತದೆ.

ತೊಳೆದ ಮೇಲೂ ಉಗುರು ಒತ್ತಿದರೆ ಗುರುತು ಬೀಳುತ್ತದೆಯೇ? ಹಾಗಿದ್ದರೆ ಅಳತೆ ತಪ್ಪಿದೆ, ಇಲ್ಲವೇ ಸರಿಯಾಗಿ ಕಲಸಿಲ್ಲ. ಅಷ್ಟು ಜಾಗ ಕೆರೆದು ತೆಗೆಯಲೇಬೇಕು. ‘ಬೇಗ ಗಟ್ಟಿಯಾಗಲಿ’ ಅಂತ ಹಾರ್ಡನರ್ ಜಾಸ್ತಿ ಹಾಕುವ ಅಭ್ಯಾಸ ಪಾಲಿಯೆಸ್ಟರ್ ರೆಸಿನ್‌ನಿಂದ ಬಂದದ್ದು. ಎಪಾಕ್ಸಿಯಲ್ಲಿ ಅದು ನಡೆಯುವುದಿಲ್ಲ.

ಫೈಬರ್‌ನವರು ಹೇಳುವ ಮ್ಯಾಟ್ ಅಚ್ಚಿನಲ್ಲಿ ತೆಗೆಯುವ ದೋಣಿಗೆ ಸರಿ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಕರಗಲು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಎಂಬ ದ್ರವ ಬೇಕು. ಎಪಾಕ್ಸಿಯಲ್ಲಿ ಮ್ಯಾಟ್ ಮಡಿಕೆಗೆ ಬಗ್ಗುವುದಿಲ್ಲ. ಇನ್ನು ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ನೆಚ್ಚುವಂತೆ ಹಿಡಿಯುವುದಿಲ್ಲ. ನಿಮಗೆ ಬೇಕಾದದ್ದು ನೇಯ್ದ ಗ್ಲಾಸ್ ಬಟ್ಟೆ, 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವುದು) ಸಾಕು. ಒಣ ಬಟ್ಟೆ ಹಾಸಿ, ಎಪಾಕ್ಸಿ ಸುರಿದು ಪ್ಲಾಸ್ಟಿಕ್ ಪಟ್ಟಿಯಲ್ಲಿ ನಡುವಿನಿಂದ ಅಂಚಿಗೆ ಎಳೆಯಿರಿ. ಬಿಳಿ ಬಟ್ಟೆ ಮಾಯವಾಗಿ ಮರ ಕಾಣಬೇಕು. ಬಿಳಿ ಉಳಿದಲ್ಲಿ ಕಡಿಮೆಯಾಗಿದೆ, ಪಳಪಳ ಹೊಳೆದರೆ ಜಾಸ್ತಿಯಾಗಿ ಬಟ್ಟೆ ತೇಲುತ್ತಿದೆ. ಈ ಕೆಲಸ ಬೆಳಿಗ್ಗೆ ಬೇಡ. ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಮಳೆಯಿಲ್ಲದ ದಿನ ನೋಡಿ, ಬಿಸಿಲು ಇಳಿಯತೊಡಗಿದ ಮೇಲೆ ಶುರುಮಾಡಿ.

ಮಾವನವರ ಗೇರೆಣ್ಣೆ ಹಳೆಯ ಮರದ ದೋಣಿಗಳನ್ನು ಕಾಪಾಡಿದ ವಸ್ತು, ತಮಾಷೆಯಲ್ಲ. ಆದರೆ ಎಣ್ಣೆ ಕುಡಿದ ಪ್ಲೈವುಡ್‌ಗೆ ಆಮೇಲೆ ಎಪಾಕ್ಸಿ ಹಿಡಿಯುವುದಿಲ್ಲ. ನೀವು ಹೊರಟ ದಾರಿಯೇ ಬೇರೆ. ಎಪಾಕ್ಸಿಗೆ ನಮ್ಮ ಕರಾವಳಿಯ ಬಿಸಿಲೂ ಆಗದು, ಹಾಗಾಗಿ ಮೇಲೆ ಟೂ-ಪ್ಯಾಕ್ ಪಿಯು (ಎರಡು ಭಾಗ ಕಲಸಿ ಹೊಡೆಯುವ ಪಾಲಿಯುರೆಥೇನ್) ಪೇಂಟ್ ಬೇಕೇ ಬೇಕು. ಪ್ರತಿ ಸಲ ದೋಣಿಯನ್ನು ದಡಕ್ಕೆ ಎಳೆದಿಡುವುದಾದರೆ ಚಿಪ್ಪು, ಪಾಚಿ ಹಿಡಿಯದ ದುಬಾರಿ ಪೇಂಟ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

ನನ್ನನ್ನು ಕೇಳಿದರೆ, ಇಂಥ ದೋಣಿ ಕೊಳೆಯುವುದು ಹೆಚ್ಚಾಗಿ ಎಂಜಿನ್ ಕೂರುವ ಹಿಂದಿನ ಹಲಗೆಯಲ್ಲಿ. ಬೋಲ್ಟ್ ತೂತಿನಿಂದ ನೀರು ಪ್ಲೈ ಪದರಗಳಿಗೆ ನುಗ್ಗುತ್ತದೆ. ಅಲ್ಲಿ ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟ್ ಅಳತೆಗೆ ಮತ್ತೆ ಕೊರೆಯಿರಿ. ಬೋಲ್ಟ್ ಎಸ್‌ಎಸ್ 316 (ಸ್ಟೇನ್‌ಲೆಸ್ ಸ್ಟೀಲ್‌ನ ಒಂದು ದರ್ಜೆ) ಇರಲಿ, ನಿಮ್ಮ ಹೊಳೆಯದು ಉಪ್ಪುನೀರು.

ಎಂಜಿನ್ 8ರಿಂದ 10 ಎಚ್‌ಪಿ ಧಾರಾಳ. ಕೊಳ್ಳುವ ಮೊದಲು ಆ ಹಲಗೆಯ ಎತ್ತರ ಅಳೆಯಿರಿ: 15 ಇಂಚಿದ್ದರೆ ಶಾರ್ಟ್ ಶಾಫ್ಟ್, 20 ಇದ್ದರೆ ಲಾಂಗ್. ಎಂಜಿನ್‌ನ ಫ್ಯಾನ್ (ಪ್ರೊಪೆಲರ್) ಮೇಲಿನ ಅಡ್ಡ ತಟ್ಟೆ ದೋಣಿಯ ತಳಕ್ಕೆ ಹೆಚ್ಚುಕಡಿಮೆ ಸಮ ಬರಬೇಕು.

ಎಂಜಿನ್ ಕೂತರೆ 2021ರ ಒಳನಾಡು ನೌಕೆಗಳ ಕಾಯ್ದೆಯ ಪ್ರಕಾರ ತಪಾಸಣೆ, ನೋಂದಣಿ ಎಲ್ಲ ಬರುತ್ತದೆ. ಪೇಂಟ್ ಹೊಡೆಯುವ ಮೊದಲೇ ಬಂದರು ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಅಲ್ಲಿಯವರು ಜೋಡಣೆ ನೋಡಬೇಕು ಅಂದರೆ ಈಗ ತೋರಿಸುವುದು ಸುಲಭ.