ಕರೆಯಲ್ಲಿ ಮಾತಾಡಿದವರಿಗೆ ಅವರದೇ ಧ್ವನಿ ವಾಪಸ್ ಕೇಳುವ ಎಕೋ ಕಳೆಯಲು ಫಿಲ್ಟರ್ ಬರೆದಿದ್ದೇನೆ. 512 ಟ್ಯಾಪ್ (ಫಿಲ್ಟರ್ ಲೆಕ್ಕಕ್ಕೆ ಹಿಡಿಯುವ ಹಿಂದಿನ ಸ್ಯಾಂಪಲ್‌ಗಳು) ಇಟ್ಟರೂ ಎಕೋ ಹೋಗುತ್ತಿಲ್ಲ. 1024 ಮಾಡಲಾ, ಅಥವಾ ಫಿಲ್ಟರ್ ಕಲಿಯುವ ವಿಧಾನವನ್ನೇ ಬದಲಿಸಿ, ಎನ್‌ಎಲ್‌ಎಂಎಸ್ ಬಿಟ್ಟು ಆರ್‌ಎಲ್‌ಎಸ್‌ಗೆ ಹೋಗಲಾ?

ಎರಡೂ ಬೇಡ ಮಾರಾಯ್ರೆ. ‘ಮೊದಲು ಚೆನ್ನಾಗಿರುತ್ತದೆ, ಮಾತಾಡ್ತಾ ಮಾತಾಡ್ತಾ ಎಕೋ ವಾಪಸ್ ಬರುತ್ತದೆ’ ಎಂದು ಬರೆದಿದ್ದೀರಲ್ವಾ, ಅದನ್ನು ಓದಿ ನನ್ನ ಫೈನಲ್ ಇಯರ್ ವೈವಾ ನೆನಪಾಯಿತು. ನಮ್ಮ ಪ್ರಾಜೆಕ್ಟೂ ಇಂಥದೇ ಫಿಲ್ಟರ್.

ಸುರತ್ಕಲ್‌ನಲ್ಲಿ ಹಂಚಿನ ಬಾಡಿಗೆ ಮನೆ. ಮಳೆ ಜೋರಾದರೆ ಟೆಸ್ಟಿಂಗ್ ಬಂದ್. ಮಳೆ ನಿಂತ ಮೇಲೆ ರಾತ್ರಿ ಕೂರುತ್ತಿದ್ದೆವು. ಸೆಕೆಂಡಿಗೆ 8000 ಸ್ಯಾಂಪಲ್, ನಿಮ್ಮ ಹಾಗೆಯೇ 512 ಟ್ಯಾಪ್. ನನ್ನ ಧ್ವನಿ ಪಕ್ಕದ ಕೋಣೆಯ ಸ್ಪೀಕರ್‌ನಲ್ಲಿ ಬಂದು, ಅಲ್ಲಿನ ಮೈಕ್‌ಗೆ ಹೊಕ್ಕು ಎಕೋ ಆಗಿ ವಾಪಸ್ ಬರುತ್ತಿತ್ತು. ಅಲ್ಲಿದ್ದ ರೂಮ್‌ಮೇಟ್‌ಗೆ ಪ್ರತಿ ಸಲ ಒಂದೇ ಮಾತು: ‘ನೀನು ಬಾಯಿ ಮುಚ್ಚಿ ಕೂತುಕೋ, ರೀಡಿಂಗ್ ಹಾಳಾಗುತ್ತದೆ.’ ಪಾಪ, ಕೆಮ್ಮು ಬಂದರೆ ಹೊರಗೆ ಹೋಗುತ್ತಿದ್ದ. ಗ್ರಾಫ್ ನೋಡಿದರೆ ಎಕೋ ಪೂರ್ತಿ ಮಾಯ.

ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಮೈಕ್ ಹಿಡಿದು ‘ಹಲೋ, ಕೇಳ್ತದಾ?’ ಅಂದರು. ಅವರು ಮುಗಿಸುವ ಮೊದಲೇ ಆ ಕಡೆಯಿಂದ ರೂಮ್‌ಮೇಟ್ ‘ಹಾಂ ಸರ್, ಕೇಳ್ತಾ ಉಂಟು, ಕೇಳ್ತಾ ಉಂಟು!’ ನಮ್ಮೂರಲ್ಲಿ ಯಾರು ಯಾರ ಮಾತು ಮುಗಿಯುವವರೆಗೆ ಕಾಯುತ್ತಾರೆ? ಅಲ್ಲಿಂದ ಮುಂದೆ ಸರ್‌ಗೆ ಕೇಳಿಸಿದ್ದು ಅವರದೇ ಧ್ವನಿ, ಬಾವಿಗೆ ಬಗ್ಗಿ ಕೂಗಿದ ಹಾಗೆ.

ಆದದ್ದು ಇಷ್ಟು. ಮೈಕ್‌ಗೆ ಬಂದದ್ದರಿಂದ ತಾನು ಊಹಿಸಿದ ಎಕೋ ಕಳೆದು, ಉಳಿದದ್ದೆಲ್ಲ ತನ್ನ ತಪ್ಪು ಎಂದು ಫಿಲ್ಟರ್ ನಂಬುತ್ತದೆ. ಅದನ್ನು ಸೊನ್ನೆ ಮಾಡಲು ತನ್ನನ್ನೇ ತಿದ್ದಿಕೊಳ್ಳುತ್ತದೆ. ರೂಮ್‌ಮೇಟ್ ಸುಮ್ಮನಿದ್ದಾಗ ಅದು ಸರಿ. ಅವನು ಬಾಯಿಬಿಟ್ಟ ತಕ್ಷಣ ಅವನ ಧ್ವನಿಯೂ ಆ ಉಳಿಕೆಯಲ್ಲಿ ಸೇರುತ್ತದೆ. ಫಿಲ್ಟರ್‌ಗೆ ಅದೂ ಎಕೋ. ಕಲಿತದ್ದನ್ನೆಲ್ಲ ಕೆಡಿಸಿಕೊಳ್ಳುತ್ತದೆ. ಹೀಗೆ ಎರಡೂ ಕಡೆಯವರು ಒಟ್ಟಿಗೆ ಮಾತಾಡುವುದಕ್ಕೆ ಡಬಲ್ ಟಾಕ್ ಎನ್ನುತ್ತಾರೆ. ಅಂದರೆ ನಾನು ಯಾರ ಬಾಯಿ ಮುಚ್ಚಿಸಿದ್ದೆನೋ, ಅವನ ಮಾತನ್ನೇ ಟೆಸ್ಟ್ ಮಾಡಬೇಕಿತ್ತು.

ಮದ್ದು ದೊಡ್ಡದಲ್ಲ. ಇಬ್ಬರೂ ಮಾತಾಡುವಾಗ ಫಿಲ್ಟರ್ ಎಕೋ ಕಳೆಯುತ್ತಿರಲಿ, ಕಲಿಯುವುದನ್ನು ಮಾತ್ರ ನಿಲ್ಲಿಸಿ. ಪುಸ್ತಕದಲ್ಲಿ ಮೊದಲು ಸಿಗುವುದು ಗೈಗಲ್ ವಿಧಾನ: ಮೈಕ್ ಸಿಗ್ನಲ್, ಸ್ಪೀಕರ್‌ಗೆ ಈಗಷ್ಟೇ ಹೋದದ್ದರ ಅರ್ಧಕ್ಕಿಂತ ಜಾಸ್ತಿ ಇದ್ದರೆ ಡಬಲ್ ಟಾಕ್. ಆ ‘ಅರ್ಧ’ ಟೆಲಿಫೋನ್ ಲೈನಿನ ಲೆಕ್ಕ, ಅಲ್ಲಿ ಎಕೋ ಕನಿಷ್ಠ 6 ಡೆಸಿಬಲ್ ಕುಗ್ಗಿ ಬರುತ್ತದೆ ಎಂಬ ನಂಬಿಕೆ. ಲ್ಯಾಪ್‌ಟಾಪ್‌ನಲ್ಲಿ ಸ್ಪೀಕರ್ ಮೈಕ್‌ನ ಪಕ್ಕದಲ್ಲೇ ಇರುತ್ತದೆ, ಹಾಗೇ ಹಾಕಿದರೆ ಕೈಕೊಡುತ್ತದೆ. ಎರಡು ಸಿಗ್ನಲ್‌ಗಳ ಕೋರಿಲೇಶನ್, ಅಂದರೆ ಅವು ಎಷ್ಟು ಹೋಲುತ್ತವೆ ಎಂದು ನೋಡಿ ನಿರ್ಧರಿಸುವುದು ವಾಸಿ.

ಸೆಕೆಂಡಿಗೆ 8000 ಸ್ಯಾಂಪಲ್ ಲೆಕ್ಕದಲ್ಲಿ 1024 ಟ್ಯಾಪ್ ಎಂದರೆ 128 ಮಿಲಿಸೆಕೆಂಡ್ ಉದ್ದದ ಎಕೋ. ಚಿಕ್ಕ ಕೋಣೆಗೆ ಅಷ್ಟು ಯಾಕೆ? ಕಲಿಯುವುದು ಇನ್ನೂ ನಿಧಾನವಾಗುತ್ತದೆ, ಅಷ್ಟೇ. ಆರ್‌ಎಲ್‌ಎಸ್ ಬೇಗ ಕಲಿಯುತ್ತದೆ ನಿಜ, ಆದರೆ ಡಬಲ್ ಟಾಕ್‌ನಲ್ಲಿ ಕೆಡುವುದೂ ಅಷ್ಟೇ ಬೇಗ.

ಹಾಂ, ಧ್ವನಿ ಹಿಂಡಿ ಕಳಿಸುವ ಕೋಡೆಕ್ ಜಿ.729 ಕೂಡ ಸೇರಿಸುತ್ತೇನೆ ಎಂದಿದ್ದೀರಿ. ಎಕೋ ಕಳೆದ ಮೇಲೆ ಎನ್‌ಕೋಡ್ ಮಾಡಿ. ಧ್ವನಿಯನ್ನು ಸೆಕೆಂಡಿಗೆ 64ರಿಂದ 8 ಕಿಲೋಬಿಟ್‌ಗೆ ಹಿಂಡಿದ ಮೇಲೆ ಅದರೊಳಗಿನ ಎಕೋ ಲೀನಿಯರ್ ಆಗಿ (ಮೂಲ ಧ್ವನಿಯನ್ನು ಗುಣಿಸಿ ಕೂಡಿದರೆ ಸಿಗುವ ಹಾಗೆ) ಉಳಿಯುವುದಿಲ್ಲ, ನಿಮ್ಮ ಫಿಲ್ಟರ್ ಕೈಗೆ ಸಿಗುವುದಿಲ್ಲ.

ಇವತ್ತು ರಾತ್ರಿಯೇ ಕರೆಯ ಎರಡೂ ಕಡೆ ಒಬ್ಬೊಬ್ಬರನ್ನು ಮೈಕ್ ಎದುರು ಕೂರಿಸಿ ಜಗಳ ಹಚ್ಚಿ. ಮೀನಿಗೆ ಮಸಾಲೆ ಜಾಸ್ತಿಯಾಯಿತೋ ಇಲ್ಲವೋ ಎಂದು ಕೇಳಿದರೂ ಸಾಕು.