ಕಿಲ್ಟ್ ತಗೊಳ್ಳೋ ಮೊದಲು ಹೊಕ್ಕಳ ಹತ್ತಿರ ಟೇಪ್ ಹಿಡಿಯಿರಿ

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಹತ್ತಿರ ಸಹೋದ್ಯೋಗಿಯ ಮದುವೆ, ಕಿಲ್ಟ್ (ಅಲ್ಲಿನ ಗಂಡಸರು ಉಡೋ ನೆರಿಗೆ ಲಂಗ) ಹಾಕಿ ಬಾ ಅಂದಿದ್ದಾನೆ, ಯಾವ ಟಾರ್ಟನ್ (ಅದರ ಬಣ್ಣದ ಚೌಕಳಿ ವಿನ್ಯಾಸ) ಹಾಕಿದರೆ ತಪ್ಪಾಗಲ್ಲ, ಆನ್‌ಲೈನ್ ಸೆಟ್ ಸಾಕಾ ಅಂತ ಕೇಳಿದ್ದೀರಿ. ಇದೇ ಚಿಂತೆಯಲ್ಲಿ ನಾನೂ ನಿದ್ದೆಗೆಟ್ಟವನೇ. ಯಾವುದೋ ಮನೆತನದ ಬಣ್ಣ ಉಟ್ಟು ಯಾರ ಕೈಲೋ ಅನ್ನಿಸಿಕೊಳ್ಳೋದು ಯಾಕೆ ಅಂತ ಕಡು ನೀಲಿ-ಹಸಿರಿನ ಬ್ಲ್ಯಾಕ್ ವಾಚ್ ಅನ್ನೋ ಟಾರ್ಟನ್ ಆರಿಸಿದೆ. ಮದುವೆಯಲ್ಲಿ ಒಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಎಲ್ಲರ ಕಣ್ಣೂ ನನ್ನ ಹೊಟ್ಟೆ ಮೇಲೆ.

ಆರ್ಡರ್ ಮಾಡುವಾಗ ಸೊಂಟದ ಅಳತೆ ಕೇಳಿದ್ದರು. ಜೀನ್ಸ್ 34, ಹಾಗಾಗಿ 34 ಅಂತ ಹಾಕಿದೆ. ಕೆಟ್ಟಿದ್ದೇ ಅಲ್ಲಿ. ಜೀನ್ಸನ್ನು ನಾವು ಹೊಟ್ಟೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತೇವೆ. ಕಿಲ್ಟ್ ನಿಲ್ಲಬೇಕಾದ್ದು ಹೊಕ್ಕಳ ಮಟ್ಟದಲ್ಲಿ, ನಮ್ಮ ಅಜ್ಜಂದಿರು ಪಂಚೆ ಕಟ್ಟುತ್ತಿದ್ದರಲ್ಲ, ಅಷ್ಟು ಮೇಲೆ. ಅಲ್ಲಿ ನನ್ನ ಸುತ್ತಳತೆ 38! ಪಾರ್ಸಲ್ ಬಂದಾಗ ಜೀನ್ಸ್ ನಿಲ್ಲುವ ಜಾಗದಲ್ಲೇ ಕಟ್ಟಿ ನೋಡಿದೆ, ಸರಿಯಾಗೇ ಕೂತಿತು, ಮಡಚಿ ಇಟ್ಟುಬಿಟ್ಟೆ. ಕೋಟು, ವೇಸ್ಟ್‌ಕೋಟು ಜೊತೆಗೆ ಹಾಕಿ ನೋಡಲಿಲ್ಲ.

ಪ್ರಿನ್ಸ್ ಚಾರ್ಲಿ ಅಂತಾರಲ್ಲ, ಆ ಗಿಡ್ಡ ಕೋಟು, ಅದರ ವೇಸ್ಟ್‌ಕೋಟು ಕೂಡ ಗಿಡ್ಡ. ಕಿಲ್ಟ್ ಹೊಕ್ಕಳ ಮಟ್ಟದಲ್ಲಿ ಇರುತ್ತೆ ಅನ್ನೋ ಲೆಕ್ಕದಲ್ಲೇ ಹೊಲಿಯೋದು. ನನ್ನ ಕಿಲ್ಟ್ ಕೆಳಗೆ ಇಳಿದಿದ್ದರಿಂದ ಎರಡರ ನಡುವೆ ನಾಲ್ಕು ಬೆರಳಗಲ ಬಿಳಿ ಅಂಗಿ ಇಣುಕುತ್ತಿತ್ತು. ಅಂಚು ಮಂಡಿಚಿಪ್ಪಿನ ನಡುವೆ ನಿಲ್ಲುವ ಬದಲು ಮಂಡಿಯನ್ನೇ ಮುಚ್ಚಿತ್ತು. ಹಿಂದಿನ ನೆರಿಗೆಗಳನ್ನು ಸೊಂಟದಿಂದ ಪಿರ್ರೆವರೆಗೆ ಹೊಲಿದು ಕೂರಿಸಿರುತ್ತಾರೆ, ಅದರ ಕೆಳಗೆ ಮಾತ್ರ ಬಿಚ್ಚಿಕೊಳ್ಳುತ್ತವೆ. ನನ್ನದರಲ್ಲಿ ಆ ಹೊಲಿಗೆ ತೊಡೆಗೆ ಇಳಿದು ನಡೆಯೋಕೇ ತೊಡಕು. ವರನ ಅಪ್ಪ ಪಾಪ, ಪಕ್ಕಕ್ಕೆ ಕರೆದು ಮೇಲೆ ಎಳೆಯೋಕೆ ನೋಡಿದರು. ಬಕಲ್‌ಗೆ ಪಟ್ಟಿ ಮುಟ್ಟಲೇ ಇಲ್ಲ. ಸಂಜೆ ಕೇಲಿ ಅನ್ನೋ ಸ್ಕಾಟಿಷ್ ಗುಂಪು ಕುಣಿತದಲ್ಲಿ ಎಲ್ಲರೂ ಕೈ ಹಿಡಿದು ಗಿರಗಿರ ತಿರುಗುತ್ತಿದ್ದರೆ ನಾನು ಒಂದು ಕೈಯಲ್ಲಿ ಕಿಲ್ಟ್ ಹಿಡಿದುಕೊಂಡು ಗೋಡೆ ಪಕ್ಕ. ಫೋಟೋಗಳನ್ನು ಊರಿಗೆ ಕಳಿಸಿಲ್ಲ.

ಹಾಗಾಗಿ ಟಾರ್ಟನ್ ಚಿಂತೆ ಬಿಡಿ. ಯಾರು ಯಾವುದು ಹಾಕಬೇಕು ಅಂತ ಕಾನೂನೇನೂ ಇಲ್ಲ. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಅದ್ದೂರಿ ಸ್ವಾಗತ ಮಾಡಿಸಿದರು, ಒಂದೊಂದು ಮನೆತನಕ್ಕೆ ಒಂದೊಂದು ಟಾರ್ಟನ್ ಅನ್ನೋ ಹುಚ್ಚು ಜಾಸ್ತಿ ಆಗಿದ್ದೇ ಆಮೇಲೆ. ರಾಜಮನೆತನದ ಬಾಲ್ಮೋರಲ್ ಒಂದನ್ನು ಬಿಟ್ಟು ನಿಮಗೆ ಹಿಡಿಸಿದ್ದು ಹಾಕಿ. ವರನ ಕಡೆ ಹುಡುಗರು ಯಾವುದು ಹಾಕ್ತಾರೆ ಅಂತ ಮಾತ್ರ ಕೇಳಿಕೊಳ್ಳಿ, ಅದೇ ಬೇಡ.

ಆನ್‌ಲೈನ್ ಸೆಟ್ಟೂ ಬೇಡ, ಸುಮ್ನೆ ದುಡ್ಡು ದಂಡ. ಅಗ್ಗದ್ದರಲ್ಲಿ ಬರೋದು ಬಹುಪಾಲು ಅಕ್ರಿಲಿಕ್, ತೂಕ ಇಲ್ಲ, ಗಾಳಿಗೆ ಹಾರುತ್ತೆ. ಎಂಟು ಗಜ ಉಣ್ಣೆಯದನ್ನು ಕೈಯಲ್ಲಿ ಹೊಲಿಸಬೇಕಾದರೆ ವಾರಗಟ್ಟಲೆ ಕಾಯಬೇಕು, ಒಂದು ಮದುವೆಗೆ ಅದ್ಯಾಕೆ? ಎಡಿನ್‌ಬರೋ ಅಥವಾ ಗ್ಲಾಸ್ಗೋದಲ್ಲಿ ಕಿಲ್ಟ್ ಬಾಡಿಗೆಗೆ ಕೊಡುವ ಅಂಗಡಿಗೆ ನೀವೇ ಹೋಗಿ. ಅಳೆಯೋದು ಅವರ ಕೆಲಸ, ನೀವು ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ ಅಷ್ಟೇ. ಪೂರ್ತಿ ಸೆಟ್ ಅಲ್ಲೇ ಹಾಕಿ, ಕೂತು ಎದ್ದು ನೋಡಿ.

ಉಳಿದಿದ್ದೆಲ್ಲ ಸಣ್ಣಪುಟ್ಟದ್ದು. ನೆರಿಗೆ ಹಿಂದೆ ಬರಬೇಕು. ವೇಸ್ಟ್‌ಕೋಟ್ ಇದ್ದರೆ ಬೆಲ್ಟ್ ಬೇಡ. ಸ್ಪೋರನ್, ಅಂದರೆ ಮುಂದೆ ತೂಗುವ ಚೀಲ, ಸಂಜೆಗೆ ತುಪ್ಪಳದ್ದು ಚೆನ್ನ. ಕಿಲ್ಟ್ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಿ, ಎರಡಕ್ಕೂ ಸೇರಿಸಿ ಚುಚ್ಚಿದರೆ ಬಟ್ಟೆ ಹರಿಯುತ್ತೆ. ಕಾಲುಚೀಲಕ್ಕೆ ಸಿಕ್ಕಿಸೋ ಸ್ಕೀನ್ ಡೂ ಚಾಕು ಬಲಗಾಲಿಗೆ. ವಿಮಾನದಲ್ಲಿ ಹೋಗ್ತಿದ್ದರೆ ಅದನ್ನು ಕೈಚೀಲದಲ್ಲಿ ಇಡಬೇಡಿ, ಸೆಕ್ಯುರಿಟಿಯಲ್ಲಿ ಕಿತ್ತುಕೊಳ್ಳುತ್ತಾರೆ, ಬಾಡಿಗೆಯವರು ಅದರ ದುಡ್ಡನ್ನು ನಿಮ್ಮಿಂದಲೇ ವಸೂಲಿ ಮಾಡುತ್ತಾರೆ.