ಜಿಂಕೆ ಬೇಟೆಗೆ ದೊಡ್ಡ ತೋಟಾ ಬೇಕೆ?

ಪ್ರಶ್ನೆ: ಅಮೆರಿಕದ ಕೊಲರಾಡೊದಲ್ಲಿ ನೆಲೆಸಿರುವ ನಾನು ಪರವಾನಗಿ ಪಡೆದು ಮ್ಯೂಲ್ ಡೀರ್ ಎಂಬ ಜಿಂಕೆಯ ಬೇಟೆಗೆ ಹೋಗುತ್ತೇನೆ. ನನ್ನ .243 ವಿಂಚೆಸ್ಟರ್ ರೈಫಲ್ (.243 ಅಂಗುಲ ವ್ಯಾಸದ ಗುಂಡಿನದು) ಸಾಲದು, ದೊಡ್ಡ ತೋಟಾದ .300 ವಿಂಚೆಸ್ಟರ್ ಮ್ಯಾಗ್ನಂ ರೈಫಲ್ ಕೊಳ್ಳಬೇಕೆಂದು ಜೊತೆಗಾರರು ಹೇಳುತ್ತಾರೆ. ತಮ್ಮ ಸಲಹೆಯೇನು?

ಉತ್ತರ: ಜಿಂಕೆಯಷ್ಟೇ ನಿಮ್ಮ ಗುರಿಯಾಗಿದ್ದರೆ ಕೊಳ್ಳಬೇಕಾಗಿಲ್ಲ. ಆ ರಾಜ್ಯದ ನಿಯಮ ಜಿಂಕೆಗೆ ಕೇಳುವುದು ಕನಿಷ್ಠ .24 ಅಂಗುಲ ವ್ಯಾಸದ, 70 ಗ್ರೇನ್ (ಸುಮಾರು 4.5 ಗ್ರಾಂ) ತೂಕದ, ತಗುಲಿದಾಗ ಅರಳುವ ಗುಂಡು ಮತ್ತು 100 ಗಜ ದೂರದಲ್ಲಿ 1000 ಅಡಿ-ಪೌಂಡ್ ಶಕ್ತಿ. ನಿಮ್ಮ ರೈಫಲ್ಲಿನ 100 ಗ್ರೇನ್ ಗುಂಡು ಇದನ್ನು ಸುಲಭವಾಗಿ ದಾಟುತ್ತದೆ. ಮ್ಯಾಗ್ನಂ ರೈಫಲ್ ಗುಂಡು ಹಾರಿದಾಗ ಭುಜಕ್ಕೆ ಕೊಡುವ ಒದೆತ .243ರ ಎರಡು ಪಟ್ಟನ್ನೂ ಮೀರುವುದರಿಂದ, ರೂಢಿಯಿಲ್ಲದವರು ಟ್ರಿಗರ್ ಎಳೆಯುವ ಮೊದಲೇ ಬೆಚ್ಚಿ ಗುರಿ ತಪ್ಪುತ್ತಾರೆ. ಮುಂಗಾಲಿನ ಹಿಂದಿರುವ ಹೃದಯ-ಶ್ವಾಸಕೋಶಗಳ ಭಾಗವನ್ನು ಬಿಟ್ಟು ಹೊಟ್ಟೆಗೆ ಬಿದ್ದ ಗುಂಡು ಎಷ್ಟೇ ದಪ್ಪವಾಗಿದ್ದರೂ ಪ್ರಾಣಿ ನರಳುತ್ತ ಓಡಿಹೋಗುತ್ತದೆ. ಜೊತೆಗಾರರ ಮಾತಿನಲ್ಲಿ ಅನುಭವಕ್ಕಿಂತ ಹುಮ್ಮಸ್ಸೇ ಹೆಚ್ಚಿರುವಂತಿದೆ.

ಮುಂದೆ ಎಲ್ಕ್ ಎಂಬ ಭಾರಿ ಜಿಂಕೆಯ ಬೇಟೆಯ ಯೋಚನೆಯಿದ್ದರೆ ಮಾತು ಬೇರೆ. ಎಲ್ಕ್‌ಗೆ ನಿಯಮದ ಕನಿಷ್ಠ ತೂಕ 85 ಗ್ರೇನ್ ಆದರೂ, ಅಷ್ಟು ದೊಡ್ಡ ಮೈಯ ಪ್ರಾಣಿಗೆ .243 ಕಡಿಮೆಯೆಂದೇ ನನ್ನ ಅಭಿಪ್ರಾಯ. ಆಗಲೂ ಮ್ಯಾಗ್ನಂ ಕೊಳ್ಳುವ ಮೊದಲು, 1952ರಲ್ಲಿ ಬಂದ .308 ವಿಂಚೆಸ್ಟರ್ ಅನ್ನು, ಇಲ್ಲವೇ 1906ರಿಂದ ಬಳಕೆಯಲ್ಲಿರುವ .30-06 ಅನ್ನು ಪರಿಶೀಲಿಸಿ. ಇವೆರಡರ ಒದೆತವನ್ನು ಅಭ್ಯಾಸದಿಂದ ತಾಳಿಕೊಳ್ಳಬಹುದು, ತೋಟಾಗಳೂ ಎಲ್ಲೆಡೆ ದೊರೆಯುತ್ತವೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧವಾದ್ದರಿಂದ, ಈ ಉತ್ತರ ಇಲ್ಲಿನ ಓದುಗರಿಗೆ ಅನ್ವಯಿಸುವುದಿಲ್ಲ.